ತ್ರಾಂಗಿಗೆ ಹೋಗುವವರಿಗೆ ಅತ್ತೆಯವರ ಸಲಹೆ

ಥಾಯ್ಲೆಂಡಿಗೆ ಹೊರಟ ಬರ್ಮಿಂಗ್‌ಹ್ಯಾಮ್ ಕನ್ನಡಿಗರು ಟಿಕೆಟ್ ಮಾಡಿಸಿದ ಮೇಲೆ ನಮ್ಮ ಮನೆಗೊಂದು ಫೋನ್ ಮಾಡುವುದು ಒಂದು ಕಾಲಕ್ಕೆ ವಾಡಿಕೆಯೇ ಆಗಿಹೋಗಿತ್ತು. ಫೋನ್ ಎತ್ತಿದ ನನ್ನ ಕ್ಷೇಮಸಮಾಚಾರ ವಿಚಾರಿಸಿ, ಮಗಳ ಓದು ವಿಚಾರಿಸಿ, ಆಮೇಲೆ ಮೆಲ್ಲಗೆ "ಅಮ್ಮ ಇದಾರಾ?" ಎನ್ನುತ್ತಿದ್ದರು. ಅಮ್ಮ ಎಂದರೆ ನನ್ನ ಅತ್ತೆ. ಅವರು ಕುರ್ಚಿ ಎಳೆದುಕೊಂಡು, ಸೆರಗು ಸರಿಮಾಡಿಕೊಂಡು, ಫೋನನ್ನು ಕಿವಿಯಿಂದ ಗೇಣು ದೂರ ಹಿಡಿದು ಶುರು ಮಾಡುತ್ತಿದ್ದರು.

"ಬೂಟು ಬೇಡ, ಚಪ್ಪಲಿ ಹಾಕ್ಕೊಂಡು ಹೋಗಿ. ಗುಡಿಗೆ, ಮನೆಗೆ, ಕೆಲವು ಕಡೆ ಅಂಗಡಿಗೂ ಬರಿಗಾಲಲ್ಲೇ ಹೋಗ್ಬೇಕು, ಲೇಸ್ ಬಿಚ್ತಾ ಕೂತ್ರೆ ಹೊತ್ತು ಮುಳುಗತ್ತೆ. ಎಷ್ಟೇ ಮುದ್ದಾಗಿದ್ರೂ ಮಕ್ಕಳ ತಲೆ ಸವರಬೇಡಿ, ಅವ್ರಿಗೆ ಆಗಲ್ಲ. ದೇವರ ಕಡೆ ಕಾಲು ಚಾಚಿ ಕೂರಬೇಡಿ. ಜೋರಾಗಿ ಮಾತಾಡ್ಬೇಡಿ. ಏನೂ ತಿಳೀದಿದ್ರೆ ಸುಮ್ನೆ ನಗಿ, ಅವ್ರೂ ನಗ್ತಾರೆ, ಕೆಲಸ ಆಗತ್ತೆ. ಊಟದ ವಿಷಯ ಕೊನೇಲಿ ಹೇಳ್ತೀನಿ."

ಇಷ್ಟೆಲ್ಲ ಹೇಳುವ ಅತ್ತೆಯವರು ಆ ದೇಶದಲ್ಲಿ ಇದ್ದದ್ದು ಬರೀ ಒಂದು ವಾರ, ಅದೂ ತ್ರಾಂಗ್ ಎಂಬ ಒಂದೇ ಊರಿನಲ್ಲಿ. ಹೊರಡುವ ಮುಂಚೆ ಜಪ್ಪಯ್ಯ ಅಂದರೂ ಬರುವುದಿಲ್ಲವೆಂದು ಹಟ ಹಿಡಿದು ಕೂತಿದ್ದವರೂ ಅವರೇ. ಆ ವಾರದಲ್ಲಿ ನಡೆದದ್ದು ತಿಳಿಯಬೇಕಾದರೆ ಮೊದಲು ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್ ಬಡಾವಣೆಯ ನಮ್ಮ ಅಡುಗೆಮನೆಗೆ ಬರಬೇಕು.

ನಾನು ಧಾರವಾಡದ ಕಡೆಯವಳು, ನಮ್ಮವರು ಮೈಸೂರಿನವರು. ಪ್ರೀತಿಸಿ ಮದುವೆಯಾದವರು, ಜಾತಿ ಬೇರೆ. ನನ್ನ ತವರಿನಲ್ಲಿ ಒಲೆ ಹಚ್ಚಿದ ಮೇಲೆ ಮೊದಲು ಕೈ ಹೋಗುವುದು ಈರುಳ್ಳಿ ಬುಟ್ಟಿಗೆ, ಎರಡನೆಯದು ಬೆಳ್ಳುಳ್ಳಿಗೆ. ಅತ್ತೆಯವರ ಮನೆಯಲ್ಲಿ ಅವೆರಡೂ ಹೊಸ್ತಿಲು ದಾಟಿದ್ದೇ ಇಲ್ಲ. ಮಾವನವರು ಹೋದ ಮೇಲೆ ಅತ್ತೆಯವರು ಇಂಗ್ಲೆಂಡಿಗೆ ಬಂದು ನಮ್ಮೊಡನೆಯೇ ಉಳಿದರು. ಬಂದ ವಾರವೇ ಅಡುಗೆಮನೆಯ ಕಿಟಕಿ ಪಕ್ಕದಲ್ಲಿ ಅವರಿಗೊಂದು ಪುಟ್ಟ ಕರೆಂಟ್ ಒಲೆ ಬಂತು. ಅವರದೇ ಕುಕ್ಕರ್, ಅವರದೇ ಸೌಟು, ಅವರದೇ ತಟ್ಟೆ ಲೋಟ, ಅವರದೇ ಕಪಾಟು. ಊಟಕ್ಕೂ ಅಲ್ಲೇ ಒಂದು ಸ್ಟೂಲು. ನಮ್ಮ ಮೇಜಿಗೆ ಬರುತ್ತಿರಲಿಲ್ಲ.

ಜಗಳ ಒಂದು ದಿನವೂ ಆಡಿದವರಲ್ಲ. ಜಾತಿಯ ಮಾತೂ ಎತ್ತಿದವರಲ್ಲ. ನನಗೆ ಜ್ವರ ಬಂದರೆ ಕಷಾಯ ಕಾಸಿ ಕೊಟ್ಟು, ಕುಡಿದು ಮುಗಿಸುವ ತನಕ ಎದುರಿಗೇ ನಿಂತಿರುತ್ತಿದ್ದರು. ಮೊದಮೊದಲು ನಾನೇ ಕೇಳಿದ್ದೆ: "ಅತ್ತೆ, ಈರುಳ್ಳಿ ಬೆಳ್ಳುಳ್ಳಿ ಇಲ್ದೆ ನಾನೇ ನಿಮಗೂ ಸೇರಿಸಿ ಮಾಡ್ತೀನಿ."

"ಯಾಕಮ್ಮ ನಿಂಗೆ ತೊಂದ್ರೆ. ನಂದು ಒಂದು ಹಿಡಿ ಅಕ್ಕಿ ತಾನೆ," ಎಂದು ಮೃದುವಾಗಿಯೇ ಬಾಗಿಲು ಹಾಕಿಬಿಟ್ಟರು.

ಮಾತು ಅಲ್ಲಿಗೆ ಮುಗಿಯಿತು, ನನ್ನ ಮನಸ್ಸಿನಲ್ಲಿ ಮಾತ್ರ ಮುಗಿಯಲಿಲ್ಲ. ಅವರಿಗೆ ಆಗದಿರುವುದು ಈರುಳ್ಳಿಯೋ, ನಾನೋ? ವರ್ಷಗಟ್ಟಲೆ ಇದೊಂದೇ ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ನನ್ನನ್ನು ಕಾಡಿತು. ಶನಿವಾರ ಟಿವಿಡೇಲ್ ದೇವಸ್ಥಾನಕ್ಕೆ ಹೋದರೆ ಕಾರ್ ಪಾರ್ಕಿನಲ್ಲಿ ನನ್ನ ವಾರಗೆಯ ಸೊಸೆಯರೆಲ್ಲ ಒಟ್ಟು ಸೇರಿ ತಮ್ಮ ತಮ್ಮ ಅತ್ತೆಯರ ದೂರು ಬಿಚ್ಚುತ್ತಿದ್ದರು. ಒಬ್ಬಳ ಅತ್ತೆಗೆ ಹುಳಿ ನೀರಾಯಿತಂತೆ, ಇನ್ನೊಬ್ಬಳ ಅತ್ತೆಗೆ ಚಪಾತಿ ಚರ್ಮದ ಹಾಗಿದೆಯಂತೆ, ಮತ್ತೊಬ್ಬಳ ಅತ್ತೆ ಉಪ್ಪಿಟ್ಟು ಕಂಡರೆ ಮೂಗು ಮುರಿಯುತ್ತಾರಂತೆ. ಕೇಳುತ್ತಾ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನ್ನ ಅಡುಗೆಗೆ ನಮ್ಮ ಅತ್ತೆ ಒಂದು ಹೆಸರೂ ಇಟ್ಟವರಲ್ಲ. ಇಡಬೇಕಾದರೆ ತಿನ್ನಬೇಕಲ್ಲ!

ಹೀಗಿರುವಾಗ ನಮ್ಮವರನ್ನು ಅವರ ಕಂಪನಿ ಥಾಯ್ಲೆಂಡಿಗೆ ಕಳಿಸಿತು. ರಬ್ಬರ್ ಹಾಳೆ ಒತ್ತುವ ಯಂತ್ರಗಳನ್ನು ಮಾಡುವ ಕಂಪನಿ ಅದು. ತ್ರಾಂಗ್ ಸುತ್ತ ಎಲ್ಲಿ ನೋಡಿದರೂ ರಬ್ಬರ್ ತೋಟವಂತೆ. ಅಲ್ಲಿನ ಕಾರ್ಖಾನೆಗೆ ಯಂತ್ರ ಜೋಡಿಸಿ, ನಡೆಸಿ ತೋರಿಸಿ ಬರಲು ಬೇಸಿಗೆಯಿಂದ ಕ್ರಿಸ್ಮಸ್ ತನಕ ಬೇಕು. ಅಪ್ಪನನ್ನು ನೋಡದೆ ಮಗಳು ಸಪ್ಪಗಾದಳು. ಅಕ್ಟೋಬರಿನ ಶಾಲಾ ರಜೆಗೆ ನಾವೆಲ್ಲ ಅಲ್ಲಿಗೇ ಹೋಗುವುದೆಂದು ನಿರ್ಧಾರವಾಯಿತು. ಅತ್ತೆಯವರದು ಮಾತ್ರ ಸುತರಾಂ ಒಪ್ಪಿಗೆಯಿಲ್ಲ.

"ನಾನು ಅಲ್ಲಿ ಏನು ತಿನ್ಲಿ? ಹಾವು ತಿನ್ನೋ ಊರಂತೆ ಅದು. ನೀವು ಹೋಗ್ಬನ್ನಿ, ನಾನು ಮನೆ ನೋಡ್ಕೋತೀನಿ."

"ಇಫ್ ಅಜ್ಜಿ ಈಸ್ ನಾಟ್ ಕಮಿಂಗ್, ಐ ಆಮ್ ನಾಟ್ ಗೋಯಿಂಗ್," ಎಂದು ಮಗಳು ಸೋಫಾದಲ್ಲಿ ಮುಖ ಹುದುಗಿಸಿದಳು. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಅಜ್ಜಿಗೆ ಇಂಗ್ಲಿಷು ಅರ್ಥವಾಗುತ್ತದೆ, ಉತ್ತರ ಕನ್ನಡ. ಇಬ್ಬರೂ ಹೀಗೇ ದಿನವಿಡೀ ಹರಟುತ್ತಾರೆ. ಮೊಮ್ಮಗಳು ಅತ್ತಳೆಂದು ಅತ್ತೆಯವರು ಒಂದು ಮೆಟ್ಟಿಲು ಇಳಿದರು. "ಆಯ್ತು ಬರ್ತೀನಿ. ಆದ್ರೆ ನನ್ನ ಅಡುಗೆ ನನ್ನ ಜೊತೆ ಬರತ್ತೆ."

ಅಲ್ಲಿಂದ ಸಲಹೆಗಳ ಮಳೆ ಶುರುವಾಯಿತು. ನಮ್ಮವರು ಇಮೇಲಿನಲ್ಲಿ ಪುಟಗಟ್ಟಲೆ ಬರೆದರು: ಎಲ್ಲದಕ್ಕೂ ಮೀನಿನ ನೀರು ಹಾಕುತ್ತಾರೆ, ಬರೀ ತರಕಾರಿ ಕಂಡರೂ ನಂಬಬೇಡ. ಬೆಳಿಗ್ಗೆ ಪೇಟೆಗೆ ಅಮ್ಮನನ್ನು ಕರೆದುಕೊಂಡು ಹೋಗಬೇಡ, ಸುಟ್ಟ ಹಂದಿಯನ್ನು ಗಾಜಿನ ಹಿಂದೆ ನೇತುಹಾಕಿರುತ್ತಾರೆ, ಈ ಊರಿನವರಿಗೆ ಅದೇ ತಿಂಡಿ. ಸೊಳ್ಳೆಗೆ ಮುಲಾಮು ತಾ. ಛತ್ರಿ ತಾ, ಈಗ ಇಲ್ಲಿ ಮಳೆಗಾಲ. ಆಟೋ ಹತ್ತುವ ಮುಂಚೆಯೇ ಬಾಡಿಗೆ ಮಾತಾಡಿಕೋ. ಇಷ್ಟು ವಿವರವಾಗಿ ಬರೆಯುವವರು ತಾವು ಏನು ತಿನ್ನುತ್ತಿದ್ದೇವೆಂದು ಮಾತ್ರ ಬರೆದಿರಲಿಲ್ಲ. ಅದು ನಾವಿಬ್ಬರೂ ಕೇಳದೆ ಹೇಳದೆ ಬಿಟ್ಟ ವಿಷಯ.

ಟಿವಿಡೇಲಿನ ಕಾರ್ ಪಾರ್ಕಿನಲ್ಲಿ ಸಟನ್ ಕೋಲ್ಡ್‌ಫೀಲ್ಡಿನ ಹಿರಿಯರೊಬ್ಬರು ಥಾಯ್ಲೆಂಡಿನ ರಾಜಕೀಯ, ಹವಾಮಾನ, ಜನಸ್ವಭಾವವನ್ನೆಲ್ಲ ನನಗೆ ವಿವರಿಸಿದರು. ನಾಲ್ಕು ಜನ ಕೈಕಟ್ಟಿ ಕೇಳುತ್ತಿದ್ದರು. ಅಷ್ಟೂ ಜ್ಞಾನವನ್ನು ಅವರು ಬ್ಯಾಂಕಾಕ್ ವಿಮಾನ ನಿಲ್ದಾಣದಲ್ಲಿ, ಬೆಂಗಳೂರಿನ ವಿಮಾನಕ್ಕೆ ಕಾಯುತ್ತಾ ಗಳಿಸಿದ್ದೆಂದು ಆಮೇಲೆ ಅವರ ಹೆಂಡತಿ ನನ್ನ ಕಿವಿಯಲ್ಲಿ ಉಸುರಿದರು.

ಕೆಲಸಕ್ಕೆ ಬಂದ ಮಾತು ಒಂದೇ. ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಕಲಬುರಗಿ ಕಡೆಯ ಡಾಕ್ಟರೊಬ್ಬರಿದ್ದರು. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ. ಒಂದು ಭಾನುವಾರ ಚಹಾಕ್ಕೆ ಬಂದವರು ಅತ್ತೆಯವರ ಗೋಳು ಕೇಳಿ ನಕ್ಕರು.

"ಅಮ್ಮಾ, ನಾವೂ ಎಲ್ಲಿಗೆ ಹೋದ್ರೂ ಇದೇ ಪಾಡು. ಹೋಟೆಲ್ ಬಾಗಿಲಲ್ಲಿ ಮೊದ್ಲು ಗುರುತು ನೋಡ್ತೀವಿ. ಹಲಾಲ್ ಅಂತ ಇದ್ರೆ ಒಳಗೆ, ಇಲ್ಲಾಂದ್ರೆ ಬಾಳೆಹಣ್ಣು. ಆ ಕಡೆ ನಮ್ಮವರು ಬಹಳ ಇದಾರೆ, ನಮಗೆ ಗುರುತು ಸಿಗತ್ತೆ. ನಿಮಗೂ ಏನಾದ್ರೂ ಸಿಗತ್ತೆ, ಬಾಗಿಲು ನೋಡ್ತಾ ಹೋಗಿ."

"ನಮಗೆ ಯಾರಮ್ಮ ಅಲ್ಲಿ ಬಾವುಟ ಕಟ್ಟಿ ಕಾಯ್ತಿರ್ತಾರೆ?" ಎಂದರು ಅತ್ತೆ.

ಹಾಗಾಗಿ ಅಡುಗೆ ಚೀಲ ತಯಾರಾಯಿತು. ಅದನ್ನು ಚೀಲ ಎನ್ನುವುದು ಅಭ್ಯಾಸದಿಂದ. ಒಬ್ಬ ಮನುಷ್ಯನನ್ನು ಮಡಿಸಿಡಬಹುದಾದಂಥ ಸೂಟ್‌ಕೇಸು ಅದು. ಪುಟ್ಟ ಕರೆಂಟ್ ಒಲೆ, ಕುಕ್ಕರ್, ಅಕ್ಕಿ, ಬೇಳೆ, ಅವಲಕ್ಕಿ, ಹುರಿಹಿಟ್ಟು, ಸಾರಿನ ಪುಡಿ, ಮೆಂತ್ಯದ ಹಿಟ್ಟು, ನಿಂಬೆಕಾಯಿ ಉಪ್ಪಿನಕಾಯಿ ಎಲ್ಲ ಅದರಲ್ಲಿ ಹೋದವು. ಉಪ್ಪಿನಕಾಯಿ ಸೋರದ ಹಾಗೆ ನಾಲ್ಕು ಸುತ್ತು ಪ್ಲಾಸ್ಟಿಕ್ಕು, ಅದರ ಮೇಲೆ ಮಾವನವರ ಹಳೆಯ ಪಂಚೆ. ವಿಮಾನದಲ್ಲಿ ಅತ್ತೆಯವರು ಡಬ್ಬಿಯಲ್ಲಿ ತಂದಿದ್ದ ಮೊಸರವಲಕ್ಕಿ ತಿಂದು, ಕೈತೊಳೆದು, ನೆಮ್ಮದಿಯಾಗಿ ನಿದ್ದೆ ಮಾಡಿದರು. ಬ್ಯಾಂಕಾಕಿನಲ್ಲಿ ವಿಮಾನ ಬದಲಿಸಿ ತ್ರಾಂಗಿಗೆ ಇಳಿದೆವು. ನಾವು ಮೂವರೂ ಬಂದೆವು, ನಮ್ಮ ಬಟ್ಟೆಬರೆ ಬಂತು, ಅಡುಗೆ ಚೀಲ ಬರಲಿಲ್ಲ.

ನಮ್ಮವರು ವಿಮಾನ ನಿಲ್ದಾಣದ ಕಿಟಕಿ ಕಿಟಕಿಗೆ ಓಡಾಡಿದರು. ನಾಳೆ ಬರಬಹುದು, ನಾಡಿದ್ದು ಬರಬಹುದು, ಬರದೆಯೂ ಇರಬಹುದು ಎಂದು ಎಲ್ಲರೂ ನಗುನಗುತ್ತಾ ಹೇಳಿದರು. ಅತ್ತೆಯವರು ಹೋಟೆಲಿನ ಕೋಣೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಆ ದಿನ ಎಳನೀರು, ಬಾಳೆಹಣ್ಣು. ಮಾರನೆಯ ದಿನ ಬೆಳಿಗ್ಗೆ ಮತ್ತೆ ಬಾಳೆಹಣ್ಣು. ಎಂಥ ಹಣ್ಣು ತಂದರೂ ಅನ್ನದ ಬಾಯಿಗೆ ಅದು ಊಟವಾಗುತ್ತದೆಯೇ? ಅವರ ಮುಖ ಬಾಡಿತ್ತು. ಕರೆದು ತಂದವಳು ನಾನೇ ತಾನೆ.

ನಮ್ಮವರು ಕಾರ್ಖಾನೆಗೆ ಹೋದ ಮೇಲೆ, ಪಾತ್ರೆಯನ್ನೂ ಅಕ್ಕಿಯನ್ನೂ ಕೊಂಡುಕೊಂಡರಾಯಿತು ಎಂದು ಮೂವರೂ ಹೊರಟೆವು. ಆ ಊರಿನ ಆಟೋಗಳ ಮೂತಿ ಕಪ್ಪೆಯ ಮೂತಿಯ ಹಾಗೇ ಇರುತ್ತದೆ. ಮಗಳು ಒಂದು ಕಪ್ಪೆಯನ್ನು ಕೈ ಬೀಸಿ ನಿಲ್ಲಿಸಿದಳು. ಎರಡು ತಿರುವು ದಾಟಿದ್ದೇ ತಡ, ಅತ್ತೆಯವರು ಮುಂದೆ ಬಾಗಿ ಡ್ರೈವರನ ಬೆನ್ನು ತಟ್ಟಿದರು.

"ನಿಲ್ಸಪ್ಪಾ, ನಿಲ್ಸು!"

ಬೀದಿಯ ಎರಡೂ ಬದಿಗೆ ಸಾಲು ಸಾಲು ಬಾವುಟ. ಹಳದಿ ಮತ್ತು ಕೆಂಪು. ಅಂಗಡಿಗಳ ಮುಂದೆ, ತಳ್ಳುಗಾಡಿಗಳ ಮೇಲೆ, ಕರೆಂಟ್ ಕಂಬಗಳ ನಡುವೆ ಕಟ್ಟಿದ ದಾರದ ಉದ್ದಕ್ಕೂ. ಸುಳ್ಳು ಯಾಕೆ ಹೇಳಲಿ, ನನಗೂ ಊರು ಕಣ್ಣಿಗೆ ಕಟ್ಟಿತು. ರಾಜ್ಯೋತ್ಸವ ಹತ್ತಿರದಲ್ಲೇ ಇತ್ತು. ಧಾರವಾಡದ ಆಟೋ ಸ್ಟ್ಯಾಂಡುಗಳು ಆ ಸಮಯಕ್ಕೆ ಇರುತ್ತಿದ್ದುದು ಹೀಗೇ.

"ನೋಡೇ, ಇಲ್ಲೂ ನಮ್ಮವರಿದಾರೆ!" ಎಂದವರೇ ಅತ್ತೆಯವರು ಇಳಿದು, ಮೊದಲನೆಯ ಗಾಡಿಯ ಮುಂದೆ ಹೋಗಿ ನಿಂತರು. ಗಾಡಿಯಾಕೆ ನನ್ನ ವಯಸ್ಸಿನವಳು, ಅಡಿಯಿಂದ ಮುಡಿಯ ತನಕ ಬಿಳಿ ಬಟ್ಟೆ, ದೊಡ್ಡ ಬಾಣಲೆಯಲ್ಲಿ ಏನೋ ಕರಿಯುತ್ತಿದ್ದಳು. ಅತ್ತೆಯವರು ಸಂಕೋಚವೇ ಇಲ್ಲದೆ ಕನ್ನಡದಲ್ಲಿ ಕೇಳಿದರು.

"ಏನಮ್ಮ, ಯಾವೂರು? ಮಂಡ್ಯದ ಕಡೆಯವರಾ?"

ಆಕೆ ಬಾಯಿ ತುಂಬ ನಕ್ಕು ತನ್ನ ಭಾಷೆಯಲ್ಲಿ ಏನೋ ಹೇಳಿದಳು.

"ಇವಳು ಇಲ್ಲಿಯವಳು, ಕೆಲಸಕ್ಕಿಟ್ಟಿರ್ಬೇಕು. ಯಜಮಾನ್ರು ನಮ್ಮವರು," ಎಂದು ಅತ್ತೆಯವರು ನನಗೆ ವಿವರಿಸಿದರು. ಹಸಿವು ಮನುಷ್ಯನ ತರ್ಕವನ್ನು ಎಷ್ಟು ಚುರುಕಾಗಿಸುತ್ತದೆ ನೋಡಿ.

ಹತ್ತಿರ ಹೋದ ಮೇಲೆ ಬಾವುಟದಲ್ಲಿ ಎರಡು ಪಟ್ಟಿ ಇಲ್ಲವೆಂದೂ, ಹಳದಿ ಬಟ್ಟೆಯ ಮೇಲೆ ಕೆಂಪಿನಲ್ಲಿ ಏನೋ ಬರೆದಿದೆಯೆಂದೂ ನನಗೆ ಕಂಡಿತು. ನಮ್ಮವರು ಬರೆದ ಮೀನಿನ ನೀರು ನೆನಪಾಯಿತು. ಅತ್ತೆಯವರ ಕೈ ಆಗಲೇ ತಟ್ಟೆಯ ಕಡೆ ಹೋಗುತ್ತಿತ್ತು. ನಡುವೆ ನುಗ್ಗಿ ನಾನು ಎರಡೂ ಅಂಗೈ ಜೋಡಿಸಿ ಮೀನಿನ ಹಾಗೆ ಬಳುಕಿಸಿದೆ. ಆಕೆ ಗಟ್ಟಿಯಾಗಿ ತಲೆಯಾಡಿಸಿ ಇಲ್ಲವೆಂದಳು, ಬಾವುಟ ತೋರಿಸಿದಳು. ಮೊಣಕೈ ಬಡಿದು ಕೋಳಿಯಾದೆ. ಇಲ್ಲ, ಮತ್ತೆ ಬಾವುಟ. ಮಗಳು ಮೂಗು ಮೇಲಕ್ಕೆತ್ತಿ ಹಂದಿಯಾದಳು. ಆಕೆ ಬಿದ್ದು ಬಿದ್ದು ನಕ್ಕಳು, ಇಲ್ಲ, ಬಾವುಟ. ಕೊನೆಗೆ ನಾನು ಗಾಳಿಯಲ್ಲೇ ಈರುಳ್ಳಿ ಹೆಚ್ಚಿ ಕಣ್ಣೀರು ಒರೆಸಿಕೊಂಡೆ. ಆಕೆ ನಗು ನಿಲ್ಲಿಸಿ, ಪಕ್ಕದ ಬೇರೆ ಅಂಗಡಿಯಲ್ಲಿ ನೇತಾಡುತ್ತಿದ್ದ ಈರುಳ್ಳಿ ಬೆಳ್ಳುಳ್ಳಿ ಗೊಂಚಲು ತೋರಿಸಿ, ಎರಡೂ ಕೈ ಅಡ್ಡಡ್ಡ ಆಡಿಸಿ, ತನ್ನ ಬಿಳಿ ಬಟ್ಟೆ ಮುಟ್ಟಿಕೊಂಡು, ಕೈಮುಗಿದಳು. ಬಾಣಲೆ ತೋರಿಸಿದಳು, ಅದನ್ನು ಬೇರೆಯೇ ಇಟ್ಟಿದ್ದೇನೆಂದು ಸನ್ನೆ ಮಾಡಿದಳು.

"ಅದೇ ನಾನು ಹೇಳ್ಲಿಲ್ವಾ," ಎಂದು ಅತ್ತೆಯವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಟ್ಟರು. ಕೆಸುವಿನ ಗೆಡ್ಡೆಯ ಬೋಂಡ ಬಂತು, ಸಿಹಿಗೆಣಸಿನ ಉಂಡೆ ಬಂತು, ಮೊಳಕೆ ಕಾಳು ಹಾಕಿದ ಶಾವಿಗೆಯಂಥದ್ದು ಬಂತು. ಅವರು ತಿಂದರು. ಬೀದಿಯಲ್ಲಿ ಕೂತು, ಗುರುತು ಪರಿಚಯವಿಲ್ಲದವಳ ಕೈಯಡುಗೆಯನ್ನು, ಬೆರಳು ನೆಕ್ಕಿಕೊಂಡು ತಿಂದರು. ಆ ದಿನ ನನಗೆ ಹೋದ ಜೀವ ಬಂದಂತಾಯಿತು.

ಸಂಜೆ ಕಾರ್ಖಾನೆಯಿಂದ ಬಂದ ನಮ್ಮವರು ವಿಷಯ ಕೇಳಿ ಕಣ್ಣು ಕಣ್ಣು ಬಿಟ್ಟರು. ಅಲ್ಲಿಯವರನ್ನು ಫೋನಿನಲ್ಲಿ ವಿಚಾರಿಸಿದ ಮೇಲೆ ಗೊತ್ತಾಯಿತು: ಅದು ಆ ಊರಿನ ಚೀನೀ ಮೂಲದವರ ಹಬ್ಬ. ಒಂಬತ್ತು ದಿನ ಮಾಂಸವಿಲ್ಲ, ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅಂಥ ಅಡುಗೆ ಸಿಗುವ ಕಡೆ ಈ ಬಾವುಟ ಕಟ್ಟುತ್ತಾರೆ. ಪುಟಗಟ್ಟಲೆ ಸಲಹೆ ಬರೆದ ಮಹಾಶಯರಿಗೆ, ತಾವು ದಿನಾ ಓಡಾಡುವ ಬೀದಿ ಪೂರ್ತಿ ಸಸ್ಯಾಹಾರಿಯಾಗಿದ್ದೇ ಗೊತ್ತಿರಲಿಲ್ಲ. ಬಾವುಟವಿಲ್ಲದ ಅಂಗಡಿಗಳ ಕಡೆ ಅವರಿಗೆ ಯಾಕೆ ಅಷ್ಟು ಒಲವಿತ್ತೆಂದು ನಾನು ಅಮ್ಮನ ಎದುರು ಕೇಳಲು ಹೋಗಲಿಲ್ಲ.

"ಅದು ನಮ್ಮ ಬಾವುಟ ಅಲ್ಲಮ್ಮ," ಎಂದು ಅವರು ತಾಯಿಗೆ ಹೆದರುತ್ತಲೇ ಹೇಳಿದರು.

"ಈರುಳ್ಳಿ ಇಲ್ಲ ತಾನೆ? ಪಾತ್ರೆ ಬೇರೆ ತಾನೆ? ಮತ್ತೇನು ಬಿಡು," ಎಂದರು ಅತ್ತೆ.

ಮಾರನೆಯ ದಿನವೂ ಅಲ್ಲಿಗೇ ಹೋದರು. ಅದರ ಮಾರನೆಯ ದಿನವೂ. ಗಾಡಿಯಾಕೆ ಇವರಿಗಾಗಿ ನೆರಳಿನಲ್ಲಿ ಕುರ್ಚಿ ಹಾಕಿಡುತ್ತಿದ್ದಳು. ಅವಳು ಅವಳ ಭಾಷೆಯಲ್ಲಿ, ಇವರು ಕನ್ನಡದಲ್ಲಿ, ಗಂಟೆಗಟ್ಟಲೆ ಮಾತು. ಬೋಂಡದ ಹಿಟ್ಟಿಗೆ ಓಮ ಹಾಕಬೇಕೆಂದು ಅತ್ತೆಯವರು, ಅದೇನೋ ಹಾಕಿದರೆ ಸಾಕೆಂದು ಅವಳು. "ಇವತ್ತು ಗೆಡ್ಡೆ ಸ್ವಲ್ಪ ಬೇಯ್ಬೇಕಿತ್ತು ಕಣೆ," ಎಂದು ಅವಳಿಗೆ ಅತ್ತೆಯವರು ಹೇಳಿದ ದಿನ ನನಗೆ ಒಳಗೇ ಧಗ್ಗೆಂದಿತು. ಅಯ್ಯೋ, ಅವಳಿಗೆ ಹೆಸರಿಟ್ಟರು! ಎಲ್ಲಿಯೋ ಇರುವ, ಯಾರೋ ಒಬ್ಬಳಿಗೆ ಮೂರೇ ದಿನದಲ್ಲಿ ಸಿಕ್ಕ ಭಾಗ್ಯ ವರ್ಷಗಟ್ಟಲೆ ಒಂದೇ ಸೂರಿನಡಿ ಇದ್ದ ನನಗೆ ಸಿಕ್ಕಿರಲಿಲ್ಲ. ಅತ್ತೆಯವರ ಹೊಟ್ಟೆ ತುಂಬಿತೆಂದು ಮೊದಲ ದಿನ ಹಿಗ್ಗಿದವಳೂ ನಾನೇ, ಅವರು ತಿನ್ನುವುದನ್ನು ನೋಡಲಾರದೆ ಈಗ ಮುಖ ತಿರುಗಿಸಿದವಳೂ ನಾನೇ.

ಹೊರಡುವ ಹಿಂದಿನ ದಿನ ಅಲ್ಲಿಂದ ಹೋಟೆಲಿಗೆ ನಡೆದು ಬರುತ್ತಿದ್ದೆವು. ಮಗಳು ಮುಂದೆ ಓಡಿದ್ದಳು. ಗಾಡಿಯಾಕೆ ಗಾಡಿಯ ಮೇಲಿಂದ ಒಂದು ಬಾವುಟ ಬಿಚ್ಚಿ ಅತ್ತೆಯವರಿಗೆ ಕೊಟ್ಟಿದ್ದಳು, ಅವರು ಅದನ್ನು ಮಡಿಸಿ ಎದೆಗವಚಿಕೊಂಡು ನಡೆಯುತ್ತಿದ್ದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಸಿಟ್ಟು ಬಂದರೆ ನನಗೆ ಬರ್ಮಿಂಗ್‌ಹ್ಯಾಮೂ ಮರೆಯುತ್ತದೆ, ಮೈಸೂರೂ ಮರೆಯುತ್ತದೆ, ಬರೀ ಧಾರವಾಡ ಉಳಿಯುತ್ತದೆ.

"ಅತ್ತೀ, ಒಂದ್ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆಕಿ ಯಾರು? ಆಕಿ ಜಾತಿ ಯಾವ್ದು, ಕುಲ ಯಾವ್ದು ನಿಮಗೇನ್ ಗೊತ್ತದ? ಆಕಿ ಕೈಯಾಗಿಂದು ನಡೀತದ, ನನ್ನ ಕೈಯಾಗಿಂದು ಯಾಕ ನಡಿಯಂಗಿಲ್ರೀ?"

ಅತ್ತೆಯವರು ನಿಂತರು. "ಅವಳು ಪಾತ್ರೆ ಬೇರೆ ಇಟ್ಟಿದಾಳೆ ಕಣೆ," ಎಂದರು. ದನಿಯಲ್ಲಿ ಎಂದಿನ ಜೋರು ಇರಲಿಲ್ಲ.

"ನಾನೂ ಇಡ್ತಿದ್ದೆ. ಹೂಂ ಅಂದಿದ್ರ."

ಅವರು ನನ್ನ ಮುಖ ನೋಡಿದರು, ಆಮೇಲೆ ಕೈಯಲ್ಲಿದ್ದ ಬಾವುಟ ನೋಡಿದರು. "ಬಿಸಿಲು ಜಾಸ್ತಿ ಆಯ್ತು, ನಡಿ," ಎಂದು ಮುಂದೆ ನಡೆದರು. ವಾಪಸು ಬರುವ ವಿಮಾನದಲ್ಲಿ ನಾವಿಬ್ಬರೂ ಮಗಳ ಮೂಲಕವೇ ಮಾತಾಡಿದೆವು.

ಹಾರ್ಬೋರ್ನಿಗೆ ಬಂದು ನೋಡಿದರೆ ಅಡುಗೆ ಚೀಲ ನಮಗಿಂತ ಮುಂಚೆ ಬಂದು ಪಕ್ಕದ ಮನೆಯ ಮುದುಕರ ಹಜಾರದಲ್ಲಿ ಕೂತಿತ್ತು. ಅದು ಎಲ್ಲೆಲ್ಲಿ ತಿರುಗಿತೋ, ಅಂತೂ ಉಪ್ಪಿನಕಾಯಿ ಒಂದು ಹನಿ ಸೋರಿರಲಿಲ್ಲ. ಅತ್ತೆಯವರು ಒಲೆ ತೆಗೆದು ಕಿಟಕಿ ಪಕ್ಕದ ಅದರ ಜಾಗದಲ್ಲಿಟ್ಟು, ಅನ್ನಕ್ಕಿಟ್ಟರು. ಸ್ಟೂಲಿನ ಮೇಲೆ ಕೂತು ಉಂಡರು. ಅಲ್ಲಿಗೆ ನನಗೆ ಉತ್ತರ ಸಿಕ್ಕಿತೆಂದುಕೊಂಡೆ. ಈರುಳ್ಳಿ ಅಲ್ಲ, ನಾನೇ.

ಅದರ ಮುಂದಿನ ಶನಿವಾರ ಸಟನ್ ಕೋಲ್ಡ್‌ಫೀಲ್ಡಿನ ಒಂದು ಸಭಾಂಗಣದಲ್ಲಿ ಕನ್ನಡಿಗರೆಲ್ಲ ಸೇರಿ ರಾಜ್ಯೋತ್ಸವ ಮಾಡಿದರು. ಊಟದ ಹೊತ್ತಿಗೆ ಅತ್ತೆಯವರ ಸುತ್ತ ಒಂದು ಗುಂಪು. ಬ್ಯಾಂಕಾಕ್ ವಿಮಾನ ನಿಲ್ದಾಣದ ಹಿರಿಯರೂ ಬಾಯಿ ಮುಚ್ಚಿ ಕೇಳುತ್ತಿದ್ದರು. "ಅಡುಗೆ ಚೀಲ ಹೊತ್ಕೊಂಡು ಹೋಗ್ಬೇಡಿ, ಸುಮ್ನೆ ಭಾರ. ಬಾವುಟ ಕಂಡ ಕಡೆ ಧೈರ್ಯವಾಗಿ ಕೂತು ತಿನ್ನಿ," ಎನ್ನುತ್ತಿದ್ದರು. ವರ್ಷಕ್ಕೆ ಒಂಬತ್ತೇ ದಿನ ಎಂಬುದನ್ನು ಹೇಳಲು ಮರೆಯುತ್ತಿದ್ದರು. ಆಮೇಲೆ ಅವರ ಮಾತು ಕಟ್ಟಿಕೊಂಡು ಈಸ್ಟರ್ ರಜೆಗೆ ಹೋದ ಒಂದು ಕುಟುಂಬ ಬರೀ ಬಾಳೆಹಣ್ಣು ತಿಂದು ಬಂದು ನಮ್ಮನ್ನು ಬೈದುಕೊಂಡಿತು. ರಾಜ್ಯೋತ್ಸವದ ಆ ದಿನ ಮಾತ್ರ ನಾನು ದೂರದಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ನನ್ನ ಕಡೆ ಅತ್ತೆಯವರು ಒಂದೆರಡು ಸಲ ನೋಡಿದ್ದು ಗೊತ್ತಾಯಿತು. ನಾನು ನೋಡಲಿಲ್ಲ.

ಸೋಮವಾರ ಕೆಲಸ ಮುಗಿಸಿ ಮನೆಗೆ ಬರುವಷ್ಟರಲ್ಲಿ ಹೊರಗೆ ಕತ್ತಲಾಗಿತ್ತು, ಇಂಗ್ಲೆಂಡಿನ ನವೆಂಬರಿನಲ್ಲಿ ಸಂಜೆ ಎಂಬುದೇ ಇಲ್ಲ. ಅಡುಗೆಮನೆಯ ದೀಪ ಹಾಕಿದೆ. ನನ್ನ ಒಲೆಯ ಮೇಲಿನ ಕಪಾಟಿನ ಬಾಗಿಲಿಗೆ ಆ ಹಳದಿ ಬಾವುಟ ಅಂಟಿಸಿತ್ತು. ಮಗಳು ಶಾಲೆಯ ಚಿತ್ರಗಳನ್ನು ಗೋಡೆಗೆ ಹಚ್ಚುವ ನೀಲಿ ಅಂಟು ಮೂಲೆಗಳಲ್ಲಿ ಇಣುಕುತ್ತಿತ್ತು. ಕಿಟಕಿ ಪಕ್ಕದ ಅವರ ಒಲೆಯ ಮೇಲಲ್ಲ, ನನ್ನ ಒಲೆಯ ಮೇಲೆ. ಕೋಟೂ ಬಿಚ್ಚದೆ ನೋಡುತ್ತಾ ನಿಂತೆ. ಮುಂದಿನ ಕೋಣೆಯಲ್ಲಿ ಟಿವಿ ಸದ್ದು ಮಾಡುತ್ತಿತ್ತು.

"ಅತ್ತೇ, ಇದನ್ನ ಯಾರು ಅಂಟಿಸಿದ್ದು?"

"ಯಾರಾದ್ರೇನು. ಬೀಳ್ದಂಗೆ ಇದ್ಯಾ ನೋಡು."

ಗೃಹಪ್ರವೇಶಕ್ಕೆ ಯಾರೋ ಕೊಟ್ಟು, ಇ‌ನ್ನೂ ಒಲೆ ಕಾಣದ ಸ್ಟೀಲ್ ಪಾತ್ರೆಗಳು ಮೇಲಿನ ಕಪಾಟಿನಲ್ಲಿದ್ದವು. ಇಳಿಸಿ ತೊಳೆದೆ. ಹೊಸ ಸೌಟು ತೆಗೆದೆ. ಈರುಳ್ಳಿ ಬೆಳ್ಳುಳ್ಳಿ ಬುಟ್ಟಿಯನ್ನು ಎತ್ತಿ ಹಿತ್ತಿಲ ಶೆಡ್ಡಿನಲ್ಲಿಟ್ಟು, ಕೈ ತೊಳೆದುಕೊಂಡು ಬಂದೆ. ಸುಮ್ಮನೆ ಅನ್ನ, ತೊಗರಿಬೇಳೆ ಸಾರು, ಕೋಸಿನ ಪಲ್ಯ. ಪರೀಕ್ಷೆಗೆ ಕೂತವಳ ಗಡಿಬಿಡಿಯಲ್ಲಿ ಸಾಸಿವೆ ಅರ್ಧ ನೆಲಕ್ಕೆ ಬಿತ್ತು. ಒಗ್ಗರಣೆಯ ಸದ್ದಿಗೆ ಟಿವಿ ನಿಂತಿತು.

ಅತ್ತೆಯವರು ಬಂದರು. ತಮ್ಮ ಕಪಾಟಿನಿಂದ ತಟ್ಟೆ ತೆಗೆದುಕೊಂಡು, ಸ್ಟೂಲನ್ನು ದಾಟಿ, ಮೇಜಿನ ಮುಂದೆ ಮೊಮ್ಮಗಳ ಪಕ್ಕದ ಕುರ್ಚಿಯಲ್ಲಿ ಕೂತರು. "ಹಸಿವಾಗ್ತಿದೆ, ಬಡಿಸು," ಎಂದರು. ಬಡಿಸಿದೆ. ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟರು. ನಿಧಾನವಾಗಿ ನುಂಗಿದರು.

"ಉಪ್ಪು ಸಾಲದು. ಇಂಗು ಜಾಸ್ತಿ ಆಯ್ತು. ಬೇಳೆ ಇನ್ನೊಂದು ಕುದಿ ಬರ್ಬೇಕಿತ್ತು. ಧಾರವಾಡದಲ್ಲಿ ಸಾರು ಅಂದ್ರೆ ಹೀಗೇನಾ?"

ನನಗೆ ಕಣ್ಣು ತುಂಬಿಕೊಂಡು ತಟ್ಟೆ, ಮೇಜು, ಅತ್ತೆ, ಬಾವುಟ ಎಲ್ಲ ಕಲೆಸಿಹೋದವು.

"ಅಮ್ಮಾ, ವೈ ಆರ್ ಯೂ ಕ್ರೈಯಿಂಗ್?" ಎಂದಳು ಮಗಳು.

"ಏನಿಲ್ಲ, ಈರುಳ್ಳಿ ಹೆಚ್ಚಿದೆನಲ್ಲ," ಎಂದುಬಿಟ್ಟೆ, ಅಭ್ಯಾಸಬಲದಿಂದ.

ಅತ್ತೆಯವರ ಕೈ ತಟ್ಟೆಯಿಂದ ಮೇಲೆದ್ದು ಗಾಳಿಯಲ್ಲೇ ನಿಂತಿತು.

"ಇಲ್ಲ ಅತ್ತೆ, ಇಲ್ಲ! ಸುಳ್ಳು ಹೇಳಿದೆ. ಈರುಳ್ಳಿ ಶೆಡ್ಡಿನಲ್ಲಿದೆ. ಅಳ್ತಾ ಇದ್ದೆ ಅಷ್ಟೇ."

ಅವರು ನನ್ನನ್ನೇ ನೋಡಿದರು. ಆಮೇಲೆ ಕೈ ಮತ್ತೆ ತಟ್ಟೆಗಿಳಿಯಿತು.

"ಅಳೋಕೇನಾಯ್ತು ಈಗ. ಉಪ್ಪು ತಾ, ಇನ್ನೊಂದು ಸೌಟು ಸಾರೂ ಹಾಕು," ಎಂದರು. ನಾನು ಉಪ್ಪು ತರಲು ಎದ್ದೆ.